ಕೈವಾರದ ಮುಳ್ಳು

ಮೊನ್ನೆ ಮಗಳ ಗಣಿತದ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ವೃತ್ತ ಬರೆದಲ್ಲೆಲ್ಲ ನಟ್ಟನಡುವೆ ಒಂದು ತೂತು. ಕೈವಾರದ ಮುಳ್ಳನ್ನು ಎಷ್ಟು ಅದುಮಿದ್ದಾಳೆಂದರೆ ಕೆಳಗಿನ ನಾಲ್ಕು ಹಾಳೆಗೂ ಗಾಯ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. 'ಕೇಂದ್ರ' ಎಂಬ ಪದ ಹುಟ್ಟಿದ್ದೇ ಅಂಥ ತೂತಿನಲ್ಲಿ.

ಗ್ರೀಕರ ಬಾಯಲ್ಲಿ ಅದು 'ಕೆಂಟ್ರಾನ್', ಅಂದರೆ ಚುಚ್ಚುವಂಥದ್ದು. ಎತ್ತಿನ ಪಕ್ಕೆಗೆ ತಿವಿಯುವ ಮುಳ್ಳುಗೋಲು ಕೆಂಟ್ರಾನ್, ಚೇಳಿನ ಕೊಂಡಿಯೂ ಕೆಂಟ್ರಾನ್. ಕ್ರಿ.ಪೂ. 422ರಲ್ಲಿ ಅರಿಸ್ಟೋಫನೀಸ್ ಆಡಿಸಿದ 'ಕಣಜಗಳು' ಪ್ರಹಸನದಲ್ಲಿ ಅಥೆನ್ಸಿನ ಮುದಿ ನ್ಯಾಯದರ್ಶಿಗಳ ಮೇಳವೇ ಹಿಂದೆ ಕೊಂಡಿ ಕಟ್ಟಿಕೊಂಡು ರಂಗಕ್ಕೆ ಬರುತ್ತದೆ. ತೀರ್ಪು ಕೊಡುವುದೆಂದರೆ ಅವರಿಗೆ ಕುಟುಕುವುದೇ! ಈ ಮೊನೆಯ ಹೆಸರು ಕೈವಾರದ ನಿಂತ ಕಾಲಿಗೆ ಅಂಟಿತು, ಆಮೇಲೆ ಆ ಕಾಲು ಊರಿದ ಬಿಂದುವಿಗೆ.

ನಮ್ಮಲ್ಲಿ ಅದು ಜಾತಕದೊಳಗೆ ಬಂದು ಕೂತಿತು. ಲಗ್ನದಿಂದ 1, 4, 7, 10ನೆಯ ಮನೆಗಳೇ ಕೇಂದ್ರಸ್ಥಾನ. 'ಗುರು ಕೇಂದ್ರದಲ್ಲಿದ್ದಾನೆ, ಹೆದರಬೇಡಿ' ಎನ್ನುವ ಜೋಯಿಸರು ಅರ್ಧ ಗ್ರೀಕ್ ಮಾತಾಡುತ್ತಿರುತ್ತಾರೆ. ಮದುವೆಗೆ ನೋಡುವ ಏಳನೆಯ ಮನೆಗೆ 'ಜಾಮಿತ್ರ' ಎಂಬ ಹೆಸರೂ ಉಂಟು. ಅದೂ ಗ್ರೀಕೇ, ವ್ಯಾಸಕ್ಕೆ ಅವರು ಹೇಳುವ 'ಡಿಯಾಮೆಟ್ರೋಸ್'. ಲಗ್ನಕ್ಕೆ ನೇರ ಎದುರಿನ ಮನೆಯಲ್ಲವೆ! ಆರನೆಯ ಶತಮಾನದ ವರಾಹಮಿಹಿರ ಈ ಸಾಲವನ್ನು ಮುಚ್ಚಿಟ್ಟವನಲ್ಲ. ಮ್ಲೇಚ್ಛರಾದರೂ ಈ ಶಾಸ್ತ್ರ ಬಲ್ಲ ಯವನರು ಋಷಿಗಳಂತೆ ಪೂಜ್ಯರು ಎಂದೇ ಬರೆದ.

ಅದೇ ಕೆಂಟ್ರಾನ್ ಇನ್ನೊಂದು ದಾರಿಯಲ್ಲಿ ಲ್ಯಾಟಿನ್ನಿಗೆ ಹೋಗಿ 'ಸೆಂಟ್ರಮ್' ಆಯಿತು, ಇಂಗ್ಲಿಷಿನವರ ಜೊತೆ 'ಸೆಂಟರ್' ಆಗಿ ನಮ್ಮೂರಿಗೆ ಬಂತು. 'ಸರ್ವಿಸ್ ಸೆಂಟರ್' ಅಳಿಸಿ 'ಸೇವಾ ಕೇಂದ್ರ' ಎಂದು ಬರೆಸುವುದೆಂದರೆ ತಮ್ಮನನ್ನು ಹೊರಗೆ ಕಳಿಸಿ ಅಣ್ಣನಿಗೆ ಮಣೆ ಹಾಕಿದ ಹಾಗೆ. ನಾನೂ ಅಣ್ಣನ ಕಡೆಯವನೇ ಅನ್ನಿ. ಬಹಳ ಹಿಂದೆ ಬಂದವನು, ಊಟಕ್ಕೆ ಕೂತರೆ ಪರಕೀಯ ಅನ್ನಿಸುವುದಿಲ್ಲ. ಒಂದೇ ಕೊರಗು: ಜಿಲ್ಲಾ ಕೇಂದ್ರ, ಮತದಾನ ಕೇಂದ್ರ, ಕೇಂದ್ರ ಸರ್ಕಾರ ಎಂದು ಸವೆದು ಸವೆದು ಮುಳ್ಳು ಮೊಂಡಾಗಿದೆ.

ಇಷ್ಟೂ ಪುರಾಣವನ್ನು ಮಗಳಿಗೆ ಊದಿ, ಕೊನೆಗೆ ಅಪ್ಪನ ಧರ್ಮವೆಂದು, 'ಆದರೂ ಸ್ವಲ್ಪ ಮೆಲ್ಲಗೆ ಒತ್ತಮ್ಮಾ' ಅಂದೆ.

'ಒತ್ತದಿದ್ರೆ ಜಾರತ್ತಪ್ಪಾ, ವೃತ್ತ ಕೂಡೋದೇ ಇಲ್ಲ' ಎಂದು ಮುಳ್ಳನ್ನು ಮತ್ತೆ ಊರಿದಳು.