ರೊಟ್ಟಿ ಹರಿದರೆ ಜೋಳದ ಹಿಟ್ಟು ಕಲಬೆರಕೆ ಎನ್ನುವುದು ನಿಜವೇ?

ತಟ್ಟುವಾಗ ಅಂಚು ಸೀಳಿತು, ಹಂಚಿಗೆ ಹಾಕಲು ಎತ್ತಿದಾಗ ನಡುವೆ ಹರಿಯಿತು ಎಂದರೆ ‘ಹಿಟ್ಟಿನಲ್ಲಿ ಏನೋ ಬೆರೆಸಿದ್ದಾರೆ’ ಎನ್ನುವ ಮಾತು ಬಂದೇ ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಜೋಳದ ರೊಟ್ಟಿ ದಿನದ ಊಟ. ಅಲ್ಲಿನ ಮರಾಠಿ ಮನೆಗಳಲ್ಲಿ ಅದೇ ಭಾಕರಿ. ಹೀಗಾಗಿ ಈ ಅನುಮಾನವನ್ನು ಪರೀಕ್ಷಿಸಿ ನೋಡಬೇಕಾದದ್ದೇ. ಉತ್ತರ ಮಾತ್ರ ಉಲ್ಟಾ ಇದೆ: ಗೋಧಿ ಬೆರೆತ ಹಿಟ್ಟಿನ ರೊಟ್ಟಿ ಹರಿಯುವುದು ಕಡಿಮೆ, ಅಪ್ಪಟ ಜೋಳದ ರೊಟ್ಟಿಯೇ ಬೇಗ ಹರಿಯುತ್ತದೆ.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಚಪಾತಿ ಲಟ್ಟಿಸಿದಷ್ಟೂ ಹಿಗ್ಗುವುದು, ಬ್ರೆಡ್ ಉಬ್ಬುವುದು ಇದರಿಂದಲೇ. ಜೋಳದ ಮುಖ್ಯ ಪ್ರೋಟೀನ್ ಕಾಫಿರಿನ್. ಅದು ಇಂಥ ಬಲೆ ಹೆಣೆಯುವುದಿಲ್ಲ. ಎಷ್ಟು ಹೊತ್ತು ನಾದಿದರೂ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಮಣ್ಣಿನ ಹೆಂಟೆಯಂತೆ ಬಿರಿಯುತ್ತದೆ.

ಎಸರಿನ ಕೆಲಸ ಶುರುವಾಗುವುದು ಇಲ್ಲೇ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಅಂಟಾಗುತ್ತವೆ. ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದಾಗ ಅದರ ಒಂದು ಭಾಗ ಅಲ್ಲೇ ಬೆಂದು ಗಂಜಿಯಾಗುತ್ತದೆ. ಉಳಿದ ಹಸಿ ಹಿಟ್ಟನ್ನು ಹಿಡಿದಿಡುವುದು ಆ ಗಂಜಿಯೇ. ನಮ್ಮ ಹೆಣ್ಣುಮಕ್ಕಳು ‘ಜಿಗಿ’ ಎನ್ನುವುದು ಇದನ್ನೇ. ನೀರು ಉಗುರುಬೆಚ್ಚಗಿದ್ದರೆ ಸಾಲದು. ಹಿಟ್ಟು ತರಿಯಾಗಿದ್ದರೂ, ತಿಂಗಳುಗಟ್ಟಲೆ ಹಳೆಯದಾಗಿದ್ದರೂ ಜಿಗಿ ಬರುವುದಿಲ್ಲ. ಹಳೆಯ ಹಿಟ್ಟಿನಲ್ಲಿ ಜೋಳದ ಎಣ್ಣೆಯಂಶ ಕೆಟ್ಟು ಕಹಿಯೂ ಆಗುತ್ತದೆ. ನಾದಿದ ಮುದ್ದೆಯನ್ನು ಹಾಗೇ ಇಟ್ಟರೆ ಮೇಲ್ಮೈ ಒಣಗುತ್ತದೆ. ಅದಕ್ಕೇ ಒಂದೆರಡು ರೊಟ್ಟಿಗೆ ಬೇಕಾದಷ್ಟನ್ನೇ ಮತ್ತೆ ಮತ್ತೆ ಅಂಗೈಯಿಂದ ಒತ್ತಿ ನಾದುತ್ತಾರೆ.

ತಟ್ಟುವಾಗ ಅಂಟದಿರಲಿ ಎಂದು ಕೆಳಗೆ ಒಣಹಿಟ್ಟು ಉದುರಿಸಿರುತ್ತೇವಲ್ಲ, ಆ ಬದಿ ಹಂಚಿನ ಮೇಲೆ ಮೇಲ್ಮುಖವಾಗುತ್ತದೆ. ಅದರ ಮೇಲೆ ನೀರು ಸವರುವುದು ಬರೀ ರೂಢಿಯಲ್ಲ. ನೀರು ಒಣಹಿಟ್ಟನ್ನು ತೊಳೆದು, ಮೇಲ್ಪದರ ಒಡೆಯದಂತೆ ಕಾಯುತ್ತದೆ. ನೀರು ಆರುವ ಮೊದಲೇ ಮಗುಚಿದರೆ ಎರಡೂ ಬದಿ ಮುಚ್ಚಿದ ಪದರವಾಗುತ್ತದೆ. ಒಳಗಿನ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗಿ ರೊಟ್ಟಿಯನ್ನು ಉಬ್ಬಿಸುತ್ತದೆ. ಒಂದು ಕಡೆ ಸೀಳಿದ್ದರೆ ಆವಿ ಅಲ್ಲಿಂದ ಹೊರಟುಹೋಗುತ್ತದೆ, ಉಬ್ಬುವುದಿಲ್ಲ, ಅಷ್ಟೇ. ಸುಟ್ಟು ಕರಿಯಾದ ಕಡೆ ಕೆರೆದು ಹಾಕಿ: ಪಿಷ್ಟದ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚು ಕಾದಾಗ ಅಕ್ರಿಲಮೈಡ್ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾಯಿತು. ಹದವಾಗಿ ಬೆಂದ ಕಂದು ಚುಕ್ಕೆಗಳಿಗೆ ಹೆದರಿ ಹಸಿ ರೊಟ್ಟಿ ತಿನ್ನಬೇಕಾಗಿಲ್ಲ.

ಹಾಗಾದರೆ ಚಿಂತೆ ಮಾಡಬೇಕಾದವರು ಯಾರು? ಸೀಲಿಯಾಕ್ ಕಾಯಿಲೆ ಇರುವವರು. ಅವರಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ‘ರೊಟ್ಟಿ ಹರಿಯದಿರಲಿ, ಒಂದು ಮುಷ್ಟಿ ಗೋಧಿ ಹಿಟ್ಟು ಸೇರಿಸಿ’ ಎಂಬ ಸಲಹೆ ಉಳಿದವರಿಗೆ ಅನುಕೂಲ, ಇವರಿಗೆ ಅಪಾಯ. ಭಾರತದ ನಿಯಮದಂತೆ ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಗೋಧಿ ಬೀಸಿದ ಗಿರಣಿಯಲ್ಲಿ ಹಿಂದೆಯೇ ಜೋಳ ಹಾಕಿಸಿದರೆ ಕಲ್ಲಿಗೆ ಅಂಟಿದ ಹಿಟ್ಟೇ ಆ ಮಿತಿ ದಾಟಿಸಬಹುದು.

ಮನೆಯಲ್ಲೇ ನೋಡಬೇಕೆಂದರೆ ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಉಂಡೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೀರಿನ ಬಟ್ಟಲಲ್ಲಿ ಮೆಲ್ಲಗೆ ಹಿಸುಕಿ. ಗೋಧಿ ಸಾಕಷ್ಟು ಬೆರೆತಿದ್ದರೆ ರಬ್ಬರಿನಂಥ ಜಿಗುಟು ಕೈಯಲ್ಲಿ ಉಳಿಯುತ್ತದೆ, ಬರೀ ಜೋಳವಾದರೆ ಕರಗಿ ಚದುರುತ್ತದೆ. ಸ್ವಲ್ಪವೇ ಬೆರೆತಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಸೀಲಿಯಾಕ್ ಇರುವವರು ಇದನ್ನು ನಂಬದೆ, ಜೋಳ ಆರಿಸಿ ತೊಳೆದು ಒಣಗಿಸಿ, ಮನೆಯಲ್ಲೇ ಬೀಸಿಕೊಳ್ಳುವುದು ಒಳ್ಳೆಯದು.