ಗುಳೆ

ಹೊಳೆಆಲೂರು ಸ್ಟೇಷನ್ನಿನಲ್ಲಿ ಗಂಟು ನೋಡಿದರೆ ಸಾಕು, ಯಾರು ಯಾತಕ್ಕೆ ಹೊರಟಿದ್ದಾರೆ ಅನ್ನುವುದು ತಿಳಿಯುತ್ತದೆ. ಗುಳೆ ಹೊರಟವರದು ಗೊಬ್ಬರದ ಖಾಲಿ ಚೀಲ. ಅದರೊಳಗೆ ಜೋಳದ ಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ತಾಟು, ಒಂದು ಹಂಚು. ಹಂಚು ಹೊತ್ತಿದ್ದಾರೆಂದರೆ ಎಂಟು ದಿನದಲ್ಲಿ ತಿರುಗಿ ಬರುವ ಮಾತಲ್ಲ. "ಎಲ್ಲಿಗೆ ಹೊಂಟೀರಿ?" ಎಂದು ಕೇಳಿ ನೋಡಿ. "ದುಡಿಯಾಕ್ರೀ" ಅನ್ನುತ್ತಾರೆ. ಗುಳೆ ಎಂಬ ಮಾತು ಅವರ ಬಾಯಿಂದ ಬರುವುದು ಕಡಿಮೆ. ಊರಲ್ಲಿ ಉಳಿದವರು ಕೀಲಿ ಹಾಕಿದ ಬಾಗಿಲು ತೋರಿಸಿ "ಅವ್ರು ಗುಳೆ ಹೋಗ್ಯಾರ" ಅನ್ನುತ್ತಾರೆ. ಹೋದವರ ಕುರಿತು ಉಳಿದವರು ಆಡುವ ಮಾತು ಇದು.

ಮಾತು ಹಳೆಯದು. ಹಳೆಯ ನಿಘಂಟುಗಳಲ್ಲಿ 'ಗುಳೆಯ' ಎಂಬ ರೂಪವೂ ಸಿಗುತ್ತದೆ. ದಂಡು ಬಂತೆಂದೋ ಮಳೆ ಹೋಯಿತೆಂದೋ ಊರಿಗೆ ಊರೇ ಸಾಮಾನು ಕಟ್ಟಿಕೊಂಡು ಎದ್ದು ಹೋಗುವುದಕ್ಕೆ ಈ ಹೆಸರು. ಅದಕ್ಕೇ ಗುಳೆ ಹೋಗುತ್ತಾರೆ, ಗುಳೆ ಏಳುತ್ತಾರೆ, ಗುಳೆ ಕಟ್ಟುತ್ತಾರೆ. ಒಬ್ಬನೇ ನೌಕರಿ ಹುಡುಕಿಕೊಂಡು ಹೋದರೆ ಅದನ್ನು ಗುಳೆ ಅನ್ನುವುದಿಲ್ಲ. ಬೆಂಗಳೂರಿನ ಕಂಪನಿ ಸೇರಿದ ಹುಡುಗನ ಬಗ್ಗೆ "ನೌಕರಿ ಮ್ಯಾಲೆ ಅದಾನ" ಅನ್ನುತ್ತೇವೆ, ಅಮೆರಿಕಕ್ಕೆ ಹೋದವನು "ಫಾರಿನ್ನಾಗ ಅದಾನ". ಅವರೂ ಊರು ಬಿಟ್ಟವರೇ, ಅವರ ಮನೆಗೂ ಕೀಲಿ ಬಿದ್ದಿದೆ. ಆದರೂ ಗುಳೆ ಎಂಬ ಮಾತನ್ನು ನಾವು ಕೈಯಲ್ಲಿ ಗುದ್ದಲಿ ಹಿಡಿದವರಿಗಷ್ಟೇ ಮೀಸಲಿಟ್ಟಿದ್ದೇವೆ. ಇದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಗದಗ ಜಿಲ್ಲೆಯಲ್ಲೇ ಶಿರಹಟ್ಟಿ ಕಡೆ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು 'ವಲಸೆ ಹಕ್ಕಿ'. ಅವುಗಳಿಗಾಗಿ ಆ ಕೆರೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸಂತೋಷದ ಸಂಗತಿಯೇ. ಆದರೆ ಹಕ್ಕಿಗಳು ಇಳಿಯುವ ಆ ತಿಂಗಳುಗಳಲ್ಲೇ ಹಿಂಗಾರಿ ಕೈಕೊಟ್ಟ ವರ್ಷ ರೋಣದ ಎರೆ ಸೀಮೆಯಿಂದ ಜನ ಹೊರಡುತ್ತಾರೆ; ಅವರದು ಮಾತ್ರ 'ಗುಳೆ'.

ಗುಳೆ ಎಂದರೆ ಬರೀ ಕಳೆದುಕೊಳ್ಳುವುದಲ್ಲ ಎಂದು ಹೇಳಲು ದೂರ ಹೋಗಬೇಕಿಲ್ಲ. ಹೊಳೆಆಲೂರಿನಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿದರೆ ಬಾದಾಮಿ ದಾಟಿ ಗುಳೇದಗುಡ್ಡ ರೋಡ್ ಸಿಗುತ್ತದೆ. ಗುಳೆ ಬಂದವರ ಗುಡ್ಡ ಎಂದು ಆ ಹೆಸರನ್ನು ಬಿಡಿಸಿ ಹೇಳುವ ರೂಢಿ ಬಹಳ ಹಿಂದಿನದು. ಗುಳೆಯ ಹೆಸರು ಹೊತ್ತ ಆ ಊರಿನ ಮಗ್ಗದಲ್ಲಿ ನೇಯ್ದ ಖಣ ಇಲ್ಲದೆ ನಮ್ಮ ಕಡೆ ಉಡಿ ತುಂಬುವ ಶಾಸ್ತ್ರಕ್ಕೆ ಕಳೆಯಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ನಮ್ಮ ಎರೆ ಹೊಲಗಳಿಗೆ ಬರುವುದೂ ಹೀಗೆಯೇ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ರೈತ ಕಾಳು ಕೊಡುತ್ತಾನೆ, ರೊಕ್ಕ ಕೊಡುತ್ತಾನೆ. ಬಂದವರಿಂದ ಭೂಮಿಗೆ ಗೊಬ್ಬರ, ಬಂದವರಿಗೆ ಮೇವು. ಯಾರಿಗೆ ಯಾರು ಭಾರ?

ಆ ರೈಲಿನ ಹಾದಿಯದೂ ಒಂದು ಕಥೆ. 1876–78ರ ದೊಡ್ಡ ಬರದಲ್ಲಿ ಈ ಸೀಮೆ ಹೆಣ ಎಣಿಸಿತು. ಮತ್ತೆ ಬರ ಬಿದ್ದರೆ ಕಾಳು ತಂದು ಹಾಕಲು ದಾರಿ ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಗದಗ–ಹೋಟಗಿ ಹಳಿ ಬಿದ್ದದ್ದು ಅದರ ಕೈಯಿಂದಲೇ. ಜನರಿದ್ದಲ್ಲಿಗೆ ಕಾಳು ತರಲೆಂದು ಹಾಕಿದ ಹಳಿ ಈಗ ಕೂಲಿ ಇದ್ದಲ್ಲಿಗೆ ಜನರನ್ನು ಒಯ್ಯುತ್ತಿದೆ.

ಹೊಳೆ ಪಕ್ಕದಲ್ಲೇ ಇದ್ದೂ ಯಾಕೆ ಹೋಗುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಅರ್ಧ ಶತಮಾನ ದಾಟಿತು. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಇನ್ನೂ ನಂಬಿಕೆಯ ಮಾತಾಗಿಲ್ಲ. 1980ರಲ್ಲಿ ನರಗುಂದದ ರೈತರು ಎದ್ದದ್ದು, 2015ರಿಂದ ಮಹದಾಯಿ ಹೊಳೆಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತದ್ದು ನೀರಿನ ಸಂಕಟಕ್ಕೇ. ಇನ್ನು ಹೊಳೆ ಬಂದರೆ ಬೇರೆ ಗೋಳು. 2009ರಲ್ಲಿ, 2019ರಲ್ಲಿ ಮೆಣಸಗಿ, ಗಾಡಗೋಳಿ, ಹೊಳೆಮಣ್ಣೂರಿನಂಥ ದಂಡೆಯ ಊರುಗಳನ್ನು ಕೇಳಿ, ಹೇಳುತ್ತವೆ. ನೆರೆ ಸಂತ್ರಸ್ತರಿಗೆ ಕಟ್ಟಿಕೊಟ್ಟ ಮನೆಗೆ 'ಆಸರೆ' ಎಂದು ಹೆಸರಿಟ್ಟರು, ಊರು ಎತ್ತಿ ಇಟ್ಟದ್ದಕ್ಕೆ 'ಸ್ಥಳಾಂತರ' ಎಂದರು. ಕಾಗದದಲ್ಲಿ ಗುಳೆ ಎಂಬ ಮಾತಿಗೆ ಜಾಗ ಇಲ್ಲ.

ಹೋದಲ್ಲಿ ಈ ಜನಕ್ಕೆ ಬೇರೆ ಹೆಸರು ಬೀಳುತ್ತದೆ. ಗೋವೆಯಲ್ಲಿ 'ಘಾಟಿ' ಎಂಬ ಹೀಯಾಳಿಕೆ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆಗಳ ಮೇಲೆ 2004ರಲ್ಲೂ 2017ರಲ್ಲೂ ಜೆಸಿಬಿ ಹರಿಯಿತು. ಗೋವೆಯ ಕಟ್ಟಡಗಳಿಗೆ, ರಸ್ತೆಗಳಿಗೆ, ಮಂಗಳೂರಿನ ಬಹುಮಹಡಿಗಳಿಗೆ ಕಾಂಕ್ರೀಟು ಹೊತ್ತ ಬುಟ್ಟಿಗಳಲ್ಲಿ ನಮ್ಮ ಕಡೆಯವರ ಬುಟ್ಟಿ ಎಷ್ಟೋ. ಆ ದುಡಿಮೆಯ ರೊಕ್ಕದಿಂದ ಇಲ್ಲಿ ಸಾಲ ತೀರುತ್ತದೆ, ಮಣ್ಣಿನ ಮನೆಯ ಜಾಗದಲ್ಲಿ ಆರ್‌ಸಿಸಿ ಏಳುತ್ತದೆ, ತಂಗಿಯ ಮದುವೆ ಆಗುತ್ತದೆ. ಹೊರಗಿನ ಕೂಲಿ ಕಂಡು ಬಂದವನು ಊರಲ್ಲಿ ಗೌಡರ ಮುಂದೆ ಕೂಲಿ ಕೇಳುವಾಗ ತಲೆ ಎತ್ತಿ ಕೇಳುತ್ತಾನೆ. ಇದು ಸಣ್ಣ ಲಾಭವಲ್ಲ.

ನಷ್ಟ ಬೀಳುವುದು ಬೇರೆಯವರ ಪಾಲಿಗೆ. ಹೆಸರುಕಾಯಿ ಬಿಡಿಸಲು ಆಳು ಸಿಗದ ರೈತ ಒಬ್ಬ. ಕಟ್ಟೆಯ ಮೇಲೆ ಕೂತ ಮುದುಕಿ ಒಬ್ಬಳು, ಮೊಮ್ಮಗನ ಫೋನಿಗೆ ಕಾಯುತ್ತಾಳೆ. ಎಲ್ಲಕ್ಕಿಂತ ನೋವು ಮಕ್ಕಳದು. ಅರ್ಧ ವರ್ಷ ಇಲ್ಲಿಯ ಹಾಜರಿ, ಅರ್ಧ ವರ್ಷ ಕಟ್ಟಡದ ಉಸುಕಿನ ಗುಡ್ಡೆ. ರೇಷನ್ ಕಾರ್ಡು ಈಗ ದೇಶದ ಎಲ್ಲೇ ಹೋದರೂ ನಡೆಯುವಂತೆ ವ್ಯವಸ್ಥೆ ಆಗಿದೆ. ಮಗುವಿನ ಶಾಲೆ ಮಾತ್ರ ಅಷ್ಟು ಸಲೀಸಾಗಿ ಬೆನ್ನಿಗೆ ಹೋಗುವುದಿಲ್ಲ.

ಒಂದು ಸಂಗತಿ ಈ ಮಾತನ್ನು ನನಗೆ ಪ್ರೀತಿಯದಾಗಿಸಿದೆ. "ಊರು ಬಿಟ್ಟಾರ" ಅಂದರೆ ಕಥೆ ಮುಗಿಯಿತು. "ಗುಳೆ ಹೋಗ್ಯಾರ" ಅಂದರೆ ಬರುತ್ತಾರೆ ಎಂದು ಅರ್ಥ. ಮುಂಗಾರಿ ಬಿತ್ತಿಗೆಗೆ, ಯುಗಾದಿಗೆ, ಜಾತ್ರೆಗೆ ಬರುತ್ತಾರೆ. 2020ರ ಮಾರ್ಚ್ ಕೊನೆಗೆ ದೇಶಕ್ಕೆ ಬೀಗ ಬಿದ್ದಾಗಲೂ ಅವರ ಕಾಲು ಊರಿನ ಕಡೆಗೇ ತಿರುಗಿತು.

ಆದರೆ ತಲೆ ಎಣಿಸುವ ಹೊತ್ತಿಗೆ ಅವರು ಊರಲ್ಲಿ ಇರುವುದಿಲ್ಲ. 2011ರ ಜನಗಣತಿಯಲ್ಲಿ ಮನೆಮನೆಗೆ ಹೋಗಿ ಎಣಿಸಿದ್ದು ಫೆಬ್ರುವರಿಯಲ್ಲಿ. 2027ರ ಗಣತಿಗೆ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಗೊತ್ತುಮಾಡಿದ್ದಾರೆ. ಅಂದರೆ ಮತ್ತೆ ಗುಳೆಯ ಹಂಗಾಮಿಗೇ. ಗೋವೆಯಲ್ಲಿ, ಮಂಗಳೂರಲ್ಲಿ, ಬೆಂಗಳೂರಲ್ಲಿ ಎಣಿಸಲು ಹೋಗುವ ಮೇಷ್ಟ್ರುಗಳೇ, ಅಕ್ಕೋರೇ, ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೂ ಹೋಗಿ. ಅಲ್ಲಿರುವವರ ಊರು ಕೇಳಿ, ಮಾತೃಭಾಷೆ ಕೇಳಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರು ಎಂದೂ ಒಂದು ಮಾತು ಕೇಳಿ.