ಶೈಕ್ಷಣಿಕ ದತ್ತಸಂಚಯ

ಶೈಕ್ಷಣಿಕ ದತ್ತಸಂಚಯವು ವಿದ್ವತ್ ಪತ್ರಿಕೆಗಳ ಲೇಖನಗಳು, ಗ್ರಂಥಗಳು, ಸಂಶೋಧನ ಪ್ರಬಂಧಗಳು ಮೊದಲಾದವುಗಳನ್ನು ಹುಡುಕಲು ಅನುಕೂಲವಾಗುವಂತೆ ವ್ಯವಸ್ಥಿತವಾಗಿ ಜೋಡಿಸಿದ ಗಣಕೀಕೃತ ಸಂಗ್ರಹ. ಇದನ್ನು ಡೇಟಾಬೇಸ್ ಎಂದೂ ಕರೆಯುತ್ತಾರೆ. ಕೆಲವು ದತ್ತಸಂಚಯಗಳು ಲೇಖನದ ಶೀರ್ಷಿಕೆ ಮತ್ತು ಸಾರಾಂಶವನ್ನಷ್ಟೇ ನೀಡಿದರೆ, ಕೆಲವು ಪೂರ್ಣಪಠ್ಯವನ್ನು ಒದಗಿಸುತ್ತವೆ. ಸಂಶೋಧನೆಯ ಗುಣಮಟ್ಟವು ಅದರ ಆಕರಗಳನ್ನು ಅವಲಂಬಿಸಿರುವುದರಿಂದ ವಿಶ್ವಾಸಾರ್ಹ ದತ್ತಸಂಚಯದ ಆಯ್ಕೆಗೆ ಮಹತ್ವವಿದೆ.

ಇತಿಹಾಸ

ಅಮೆರಿಕದ ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಂಬ ಸೂಚಿಯನ್ನು ಹೊರತಂದರು. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನು ಇದು ತೋರಿಸುತ್ತಿತ್ತು. ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿದ ರೂಪ. ವೈದ್ಯವಿಜ್ಞಾನಕ್ಕೆ ಸಂಬಂಧಿಸಿದ ಪಬ್‌ಮೆಡ್ 1996ರಲ್ಲಿಯೂ, ಸ್ಕೋಪಸ್ ಹಾಗೂ ಗೂಗಲ್ ಸ್ಕಾಲರ್ 2004ರಲ್ಲಿಯೂ ಆರಂಭವಾದವು.

ಬಗೆಗಳು

- ಆಯ್ದ ಪತ್ರಿಕೆಗಳ ಸೂಚಿಗಳು: ವೆಬ್ ಆಫ್ ಸೈನ್ಸ್, ಸ್ಕೋಪಸ್. ಇವು ಪತ್ರಿಕೆಗಳನ್ನು ಪರಿಶೀಲಿಸಿ ಸೇರಿಸುತ್ತವೆ. ಬಳಕೆಗೆ ಸಾಮಾನ್ಯವಾಗಿ ಸಂಸ್ಥೆಯ ಚಂದಾ ಅಗತ್ಯ.
- ಪೂರ್ಣಪಠ್ಯ ಸಂಗ್ರಹಗಳು: ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಹಳೆಯ ಸಂಚಿಕೆಗಳಿಗೆ ಜೆಸ್ಟೋರ್ ಹೆಸರಾಗಿದೆ.
- ಮುಕ್ತ ಪತ್ರಿಕೆಗಳ ಕೋಶ: ಡಿಒಎಜೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾಯಿತು.
- ಶೋಧಯಂತ್ರಗಳು: ಗೂಗಲ್ ಸ್ಕಾಲರ್. ಇದರ ವ್ಯಾಪ್ತಿ ದೊಡ್ಡದು. ಆದರೆ ಪತ್ರಿಕೆಗಳನ್ನು ಗುಣಮಟ್ಟದ ಆಧಾರದ ಮೇಲೆ ಆರಿಸುವುದಿಲ್ಲ.

ವಿಶ್ವಾಸಾರ್ಹತೆ

ದತ್ತಸಂಚಯದಲ್ಲಿ ಸೇರಿರುವುದೊಂದೇ ಲೇಖನದ ಸತ್ಯತೆಗೆ ಪ್ರಮಾಣವಲ್ಲ. ಪತ್ರಕರ್ತ ಜಾನ್ ಬೊಹಾನನ್ ಉದ್ದೇಶಪೂರ್ವಕವಾಗಿ ದೋಷಗಳನ್ನಿಟ್ಟ ಕೃತಕ ಲೇಖನವೊಂದನ್ನು ಅಲ್ಪಸ್ವಲ್ಪ ಬದಲಾವಣೆಗಳೊಡನೆ 304 ಮುಕ್ತ ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಈ ವರದಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಕರಿಸಿದವುಗಳಲ್ಲಿ ಡಿಒಎಜೆ ಕೋಶದಲ್ಲಿದ್ದ ಪತ್ರಿಕೆಗಳೂ ಇದ್ದವು. 2014ರಲ್ಲಿ ಆ ಕೋಶವು ನಿಯಮಗಳನ್ನು ಬಿಗಿಗೊಳಿಸಿ, ಎಲ್ಲ ಪತ್ರಿಕೆಗಳೂ ಮರು ಅರ್ಜಿ ಸಲ್ಲಿಸಬೇಕೆಂದಿತು. 2016ರಲ್ಲಿ ಸುಮಾರು 3,300 ಪತ್ರಿಕೆಗಳನ್ನು ಕೈಬಿಟ್ಟಿತು.

ಹಿಂಪಡೆದ ಲೇಖನಗಳನ್ನು ಗುರುತಿಸುವುದೂ ಉತ್ತಮ ದತ್ತಸಂಚಯದ ಲಕ್ಷಣ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ಪ್ರಕಟವಾದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಪಬ್‌ಮೆಡ್‌ನಲ್ಲಿ ಇದರ ಸೂಚನೆ ಕಾಣುತ್ತದೆ. ಮೊದಲೇ ಇಳಿಸಿಕೊಂಡ ಹಳೆಯ ಪ್ರತಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ದತ್ತಸಂಚಯವನ್ನು ಆರಿಸುವಾಗ ಸಾಮಾನ್ಯವಾಗಿ ಪರಿಗಣಿಸುವ ಅಂಶಗಳು:

- ಅದನ್ನು ನಿರ್ವಹಿಸುವ ಸಂಸ್ಥೆ
- ಪತ್ರಿಕೆಗಳನ್ನು ಸೇರಿಸುವ ಮತ್ತು ತೆಗೆಯುವ ಪ್ರಕಟಿತ ನಿಯಮಗಳು
- ತಜ್ಞ ಪರಿಶೀಲನೆಗೆ ಒಳಪಟ್ಟ ಲೇಖನಗಳನ್ನು ಪ್ರತ್ಯೇಕಿಸುವ ಸೌಲಭ್ಯ
- ವಿಷಯ, ಭಾಷೆ ಮತ್ತು ಕಾಲಾವಧಿಯ ವ್ಯಾಪ್ತಿ
- ತಿದ್ದುಪಡಿ ಹಾಗೂ ಹಿಂಪಡೆತದ ಸೂಚನೆಗಳು

ಭಾರತದಲ್ಲಿ

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುವ ಶೋಧಗಂಗಾ, ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಉಚಿತ ಭಂಡಾರ. ಇದರಲ್ಲಿ ಕನ್ನಡದ ಪ್ರಬಂಧಗಳೂ ಲಭ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಜಾರಿಗೆ ತಂದ ಯುಜಿಸಿ-ಕೇರ್ ಪತ್ರಿಕಾಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟವನ್ನು ನಿರ್ಣಯಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೆ ವಹಿಸಿತು.